ಅಮೇರಾತಿನಿಂದ ಖೌದಿಗೆ ಬಂದ ಕ್ರೀಡಾಜ್ಯೋತಿ

ಸುಮ್ಮನೆ ಕೂರುವ ವಿದ್ಯೆ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಅದು ಇಂದಿಗೂ ಒಲಿದಿಲ್ಲ. ಇಡ್ಲಿ ಬೇಯಲು ಇಟ್ಟರೆ ಮುಚ್ಚಳ ತೆಗೆದು ತೆಗೆದು ನೋಡುತ್ತೇನೆ. ಲಿಫ್ಟಿನ ಗುಂಡಿ ಒತ್ತಿದ ಮೇಲೂ ಒತ್ತುತ್ತಲೇ ಇರುತ್ತೇನೆ. ಈ ಸಲ ಚಳಿಗಾಲದ ಕ್ರೀಡಾಕೂಟಕ್ಕೆ ಜ್ಯೋತಿ ಹೊರಟದ್ದನ್ನು ಟಿವಿಯಲ್ಲಿ ತೋರಿಸುತ್ತಿದ್ದರು. ಯಾರೋ ಪುಣ್ಯಾತ್ಮ ಅದನ್ನು ಹಿಡಿದು ಹಿಮದಲ್ಲಿ ಓಡುತ್ತಿದ್ದರೆ, ಎಲ್ಲಿ ಆರಿಹೋಗುತ್ತದೋ ಎಂದು ನಾನು ಮಸ್ಕತ್ತಿನ ಅಲ್ ಖೌದಿನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಶತಪಥ ಹಾಕುತ್ತಿದ್ದೆ. ಹೆಂಡತಿ ವನಜಾ ಬಟಾಣಿ ಸುಲಿಯುತ್ತಾ ಕೂತು ಪೂರ್ತಿ ನೋಡಿದಳು.

ಅದೇ ಹುರುಪಿನಲ್ಲಿ ನಮ್ಮ ಕನ್ನಡ ಬಳಗದ ಸಭೆಯಲ್ಲಿ ಬಾಯಿ ಹಾಕಿದೆ. ನಮ್ಮದೂ ಚಳಿಗಾಲದ ಕ್ರೀಡಾಕೂಟವೇ. ಮಸ್ಕತ್ತಿನ ಬೇಸಿಗೆಯಲ್ಲಿ ಲಗೋರಿ ಆಡಿದರೆ ಕಲ್ಲು ಬೀಳುವ ಮೊದಲೇ ಆಟಗಾರ ಬೀಳುತ್ತಾನೆ. ಹಿಮ ಇಲ್ಲದಿದ್ದರೇನು, ನಮಗೂ ಜ್ಯೋತಿ ಬೇಕು. ಅದನ್ನು ಲೈಟರಿನಿಂದ ಹಚ್ಚಬಾರದು, ಬಳಗದ ಹಿರಿಯರಾದ ಲೀಲಕ್ಕನ ದೇವರ ದೀಪದಿಂದ ತರಬೇಕು ಎಂದೆ. ಲೀಲಕ್ಕನ ಮನೆ ಅಲ್ ಅಮೇರಾತಿನಲ್ಲಿ, ಮೈದಾನ ಅಲ್ ಖೌದಿನಲ್ಲಿ. ಕಾರ್ಯದರ್ಶಿ ಸದಾನಂದ ಶೆಟ್ರು ಆ ಕೆಲಸವನ್ನು ನನ್ನ ತಲೆಗೇ ಕಟ್ಟಿದರು. ದೇವರ ದೀಪ ದಾರಿಯಲ್ಲಿ ಆರಿದರೆ ಲೀಲಕ್ಕ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ, ಜೋಪಾನ ಎಂದು ಎಚ್ಚರಿಸಿದರು. ಆಗಲೇ ನನ್ನ ನಿದ್ದೆ ಹಾರಿತು.

ಶುಕ್ರವಾರ ಬೆಳಿಗ್ಗೆ ಲೀಲಕ್ಕ ಲಾಟೀನು ಹಚ್ಚಿ, ಕೈಮುಗಿದು, ಕಾರಿನಲ್ಲಿ ಕೂತ ವನಜಾಳ ಕೈಗೆ ಕೊಟ್ಟರು. ಏಸಿ ಹಾಕಬಾರದು, ಕಿಟಕಿ ಒಂದು ಬೆರಳಿನಷ್ಟು ಮಾತ್ರ ತೆರೆಯಬೇಕು ಎಂದು ನಾನೇ ಕಾನೂನು ಮಾಡಿ ಬೆವರಿನಲ್ಲಿ ಮಿಂದೆ. ಗುಡ್ಡದ ರಸ್ತೆಯಲ್ಲಿ ನನ್ನ ಆಮೆನಡಿಗೆ ನೋಡಿ ಹಿಂದಿನವರೆಲ್ಲ ಹಾರ್ನ್ ಹೊಡೆದು ಮುಂದೆ ಹೋದರು. ದೀಪ ಉಂಟಾ ಎಂದು ನಾನು ಕೇಳುವುದು, ಉಂಟು ಎಂದು ವನಜಾ ಹೇಳುವುದು, ಹೀಗೇ ನಡುದಾರಿಯ ಖುರುಮ್ ದಾಟಿತು. ಅಷ್ಟರಲ್ಲಿ ಗಾಜಿಗೆ ಮಸಿ ಹಿಡಿದಿತ್ತು. ಒಂದು ಸಿಗ್ನಲ್‌ನಲ್ಲಿ ನನಗೆ ತಡೆಯಲಾಗಲಿಲ್ಲ. ಕರವಸ್ತ್ರದಲ್ಲಿ ಹಿಡಿದು ಗಾಜೆತ್ತಿ ಬಗ್ಗಿ ನೋಡಿದೆ. ದೀಪ ಚೆನ್ನಾಗಿಯೇ ಉರಿಯುತ್ತಿತ್ತು. 'ಅಬ್ಬಾ' ಎಂದು ನೆಮ್ಮದಿಯ ಉಸಿರು ಬಿಟ್ಟೆ. ದೀಪ ಆರಿತು.

ಲೀಲಕ್ಕ ಕೈಮುಗಿದದ್ದು ಕಣ್ಣಿಗೆ ಕಟ್ಟಿತು. ನಿಜ ಹೇಳಬೇಕೆಂದರೆ, ಪಕ್ಕದ ಕಾರಿನವನ ಹತ್ತಿರ ಲೈಟರ್ ಕೇಳುವ ಯೋಚನೆಯೂ ಬಂತು. ವನಜಾ ಕಾಲ ಬುಡದ ಸ್ಟೀಲ್ ಬಕೆಟ್ಟನ್ನು ಮುಂದಕ್ಕೆ ಎಳೆದಳು. ಪ್ರಸಾದವಿರಬೇಕೆಂದು ನಾನು ತಿಳಿದಿದ್ದ ಅದರೊಳಗೆ ಇನ್ನೊಂದು ಪುಟ್ಟ ಲಾಟೀನು ಉರಿಯುತ್ತಿತ್ತು.

"ಇದು ಸಹ ಲೀಲಕ್ಕನ ದೀಪದಿಂದಲೇ ಹಚ್ಚಿದ್ದು. ಟಿವಿಯಲ್ಲಿ ಅವರೂ ಹೀಗೇ ಒಂದು ಜಾಸ್ತಿ ಇಟ್ಕೊಳ್ತಾರೆ. ಅದು ತೋರಿಸುವಾಗ ನೀವು ಹಾಲ್‌ನಲ್ಲಿ ಓಡಾಡ್ತಾ ಇದ್ರಿ," ಎಂದಳು.

ಜ್ಯೋತಿ ಮೈದಾನ ಮುಟ್ಟಿತು. ನಮಗಿಂತ ಮೊದಲೇ ಬಂದು ಕಾಯುತ್ತಿದ್ದ ಲೀಲಕ್ಕನ ಕಣ್ಣು ತುಂಬಿತು, ನನಗೆ ಶಾಲು ಹೊದೆಸಿದರು, ನಾನು ಹೊದೆಸಿಕೊಂಡೆ. ವನಜಾ ಚಪ್ಪಾಳೆ ತಟ್ಟಿದಳು. ತಾನು ಯಾರಿಗೂ ಏನೂ ಹೇಳಿಲ್ಲವೆಂದು ಅವಳು ಇವತ್ತಿಗೂ ಸಾಧಿಸುತ್ತಾಳೆ. ಆದರೆ ಮೊನ್ನೆಯ ಸಭೆಯಲ್ಲಿ ಮುಂದಿನ ವರ್ಷದ ಜ್ಯೋತಿಯನ್ನು ಅವಳಿಗೇ ವಹಿಸಿದರು. ನನ್ನ ಪಾಲಿಗೆ ಬಂದದ್ದು ಹಗ್ಗಜಗ್ಗಾಟದ ಹಗ್ಗ.

"ಅದನ್ನು ಎಷ್ಟು ಸಲ ಬೇಕಾದ್ರೂ ತೆಗ್ದು ನೋಡ್ಬಹುದು, ಪ್ರಭಾಕರಣ್ಣ," ಎಂದರು ಶೆಟ್ರು.

ಮಾತು ಚುಚ್ಚಿತು, ಬೇಜಾರೂ ಆಯಿತು. ಹಗ್ಗ ಈಗ ನಮ್ಮ ಬಾಲ್ಕನಿಯಲ್ಲಿದೆ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ನೋಡಿ ಬಂದೆ.