ನಲ್ಲಿಮಾವನ ಮೊಸಳೆ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಹೊಸ ಅಂಗಿ. ಅರವತ್ತು ದಾಟಿದ ಗಂಡಸು ಕಾರಣವಿಲ್ಲದೆ ಹೊಸ ಅಂಗಿ ಹೊಲಿಸಿಕೊಂಡರೆ ಇಡೀ ಬೀದಿಯ ನಿದ್ದೆ ಕೆಡುತ್ತದೆ ಎನ್ನುವುದು ನಲ್ಲಿಮಾವನಿಗೆ ಹೊಳೆಯಲೇ ಇಲ್ಲ.

ನಲ್ಲಿಮಾವ ನೀರು ಸರಬರಾಜಿನ ಕಚೇರಿಯಲ್ಲಿ ಪೈಪು ಜೋಡಿಸಿ ಜೋಡಿಸಿ ನಿವೃತ್ತನಾದವನು. ಹೆಂಡತಿ ಹೋಗಿ ವರ್ಷಗಳಾಗಿದ್ದವು. ಮಗಳು, ಅಳಿಯ, ಮೊಮ್ಮಗಳು ಎರಡು ಬೀದಿಯಾಚೆ. ಅವನ ಕೈಗುಣದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಹೇಳಿದರೆ ಬಡಾಯಿ ಅನ್ನುತ್ತೀರಿ. ಅವನು ಸ್ಪ್ಯಾನರ್ ಹಿಡಿದು ಬೀದಿಯ ಆ ತುದಿಗೆ ಕಾಲಿಟ್ಟರೆ ಈ ತುದಿಯಲ್ಲಿ ತೊಟ್ಟಿಕ್ಕುತ್ತಿದ್ದ ನಲ್ಲಿಗಳು ಮೇಷ್ಟರನ್ನು ಕಂಡ ಮಕ್ಕಳಂತೆ ಬಾಯಿ ಮುಚ್ಚಿಕೊಳ್ಳುತ್ತಿದ್ದವು ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಕೂಲಿ ಕೇಳುವ ಅಭ್ಯಾಸ ಅವನಿಗಿರಲಿಲ್ಲ, ಕೊಡುವ ಅಭ್ಯಾಸ ಬೀದಿಗಿರಲಿಲ್ಲ. ಹಾಗಾಗಿ ಸ್ನೇಹ ಕಬ್ಬಿಣದ ಪೈಪಿನಷ್ಟು ಗಟ್ಟಿ.

ಹೊಸ ಅಂಗಿಯ ಹಿಂದೆ ಇದ್ದವಳು ಮೊಮ್ಮಗಳು. ಅವಳು ಓದುತ್ತಿದ್ದ ಸರ್ಕಾರಿ ಶಾಲೆಯ ಮೂರನೇ ತರಗತಿಗೆ ಪ್ರತಿ ಶನಿವಾರ ಅರ್ಧ ದಿನದ ಪಾಠ ಮುಗಿದ ಮೇಲೆ ಊರಿನವರೊಬ್ಬರು ಬಂದು ಕತೆ ಹೇಳುವ ಏರ್ಪಾಡಿತ್ತು. ಸಂಬಳವಿಲ್ಲ, ಬರೀ ಸೇವೆ. ಹಿಂದಿನ ವಾರ ಅವಳ ಪಕ್ಕದ ಹುಡುಗಿಯ ಚಿಕ್ಕಪ್ಪ ಬಂದಿದ್ದ, ಅದೂ ಬೆಂಕಿ ಆರಿಸುವ ಗಾಡಿಯಲ್ಲಿ. ಮಕ್ಕಳಿಗೆಲ್ಲ ಗಂಟೆ ಬಾರಿಸಲು ಕೊಟ್ಟಿದ್ದ. ಹೊಟ್ಟೆಯುರಿ ತಡೆಯಲಾರದೆ ಮೊಮ್ಮಗಳು ಎದ್ದು ನಿಂತು, ಮುಂದಿನ ವಾರ ನಮ್ಮ ತಾತ ಬಂದು ಮೊಸಳೆಯ ಕತೆ ಹೇಳುತ್ತಾನೆ, ಅದೂ ತಾನೇ ಹಿಡಿದ ಮೊಸಳೆ ಎಂದು ಘೋಷಿಸಿಬಿಟ್ಟಳು.

ಮೊಸಳೆಯೇನೋ ನಿಜ. ಹಿಂದೊಮ್ಮೆ ಅರ್ಧ ಊರಿನ ಚರಂಡಿ ಕಟ್ಟಿಕೊಂಡಾಗ ನಲ್ಲಿಮಾವ ಕೊಳವೆಗೆ ಭುಜದವರೆಗೆ ಕೈ ತೂರಿಸಿ ಎಳೆದು ತೆಗೆದಿದ್ದ. ರಬ್ಬರಿನದು. ಯಾವುದೋ ಮಗುವಿನ ಆಟಿಕೆ. ಆಮೇಲಿಂದ ಅದು ಅವನ ಬಚ್ಚಲಿನ ತೊಟ್ಟಿಯಲ್ಲಿ ತೇಲಿಕೊಂಡು ನೆಮ್ಮದಿಯಾಗಿತ್ತು.

“ತಾತ, ನೀನು ಬರ್ಲಿಲ್ಲ ಅಂದ್ರೆ ನಾನು ಸ್ಕೂಲೇ ಬದಲಾಯಿಸ್ಬೇಕಾಗುತ್ತೆ” ಎಂದಳು ಮೊಮ್ಮಗಳು. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಆದರೆ ಮಕ್ಕಳ ಬಳಿಗೆ ಯಾರನ್ನೆಂದರೆ ಅವರನ್ನು ಬಿಡುತ್ತಾರೆಯೇ? ಆ ಶಾಲೆಯ ಪರಿಶೀಲನೆಯ ಮುಂದೆ ಅರಮನೆಯ ಖಜಾನೆ ಕಾವಲು ಏನೇನೂ ಅಲ್ಲ. ನಲ್ಲಿಮಾವ ಬೆರಳು ಒತ್ತಿದ, ಎದೆಯ ಫೋಟೋ ತೆಗೆಸಿದ, ನಾಲಿಗೆ ಚಾಚಿ ತೋರಿಸಿದ, ಪೊಲೀಸ್ ಠಾಣೆಯಲ್ಲಿ ತನ್ನ ಮೇಲೆ ಒಂದು ಸೈಕಲ್ ಬೆಲ್ ಕದ್ದ ದೂರೂ ಇಲ್ಲವೆಂದು ಬರೆಸಿ ತಂದ. ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ ಎಂದು ಗೊಣಗಿದ. ಕೊನೆಯ ಮೆಟ್ಟಿಲೊಂದು ಉಳಿದಿತ್ತು. ಶನಿವಾರ ಬೆಳಿಗ್ಗೆ ಶಾಲೆಯ ಪರಿಶೀಲನೆಯಮ್ಮ ಬೀದಿಗೆ ಬಂದು, ಯಾಕೆ ಏನು ಎಂದು ಬಾಯಿಬಿಡದೆ, ನೆರೆಹೊರೆಯವರನ್ನು ಗುಟ್ಟಾಗಿ ವಿಚಾರಿಸಬೇಕು. ಯಾಕೆಂದು ಹೇಳಿದರೆ ಜನ ದಾಕ್ಷಿಣ್ಯಕ್ಕೆ ಹೊಗಳಿಬಿಡುತ್ತಾರೆ ಎನ್ನುವುದು ಶಾಲೆಯ ಅನುಭವ. ನಲ್ಲಿಮಾವನೂ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಇಡೀ ಬೀದಿ ಕತೆ ತಿದ್ದಲು ಬಂದು ಕೂರುತ್ತದೆ ಎನ್ನುವುದು ಅವನ ಅನುಭವ.

ಎರಡು ಅನುಭವಗಳು ಸೇರಿ ಅವನ ಗಂಟಲು ಹಿಡಿದವು.

ಬೀದಿ ಆಗಲೇ ಒಂದು ವಾರದಿಂದ ಕಣ್ಣಿಟ್ಟಿತ್ತು. ಅಂಗಿ ಹೊಲಿದವಳು ಎದುರು ಮನೆಯ ಟೈಲರಮ್ಮ; ಕಾಲರ್ ಸ್ವಲ್ಪ ನೆಟ್ಟಗಿರಲಿ ಎಂದು ಅವನು ಕೇಳಿಕೊಂಡಿದ್ದನ್ನು ಅವಳು ಸೂಜಿಯಷ್ಟೂ ಕಡಿಮೆ ಮಾಡದೆ ಹಂಚಿದ್ದಳು. ಅವನು ಕ್ಷೌರ ಮಾಡಿಸಿಕೊಂಡಿದ್ದನ್ನು ಮೂಲೆಯ ಬೇಕರಿಯವನು ಕಂಡಿದ್ದ. ಗೋಡೆಯಾಚೆಯ ರಿಟೈರ್ಡ್ ಪೋಸ್ಟ್‌ಮಾಸ್ಟರ್ ಅಂತೂ ಅವನು ಕನ್ನಡಿಯ ಮುಂದೆ ನಿಂತು “ಬಾ, ಹೊರಗೆ ಬಾ, ಭಯ ಯಾಕೆ, ನಾನಿದ್ದೀನಲ್ಲ” ಎಂದು ಅಭ್ಯಾಸ ಮಾಡುತ್ತಿದ್ದುದನ್ನು ಕಿವಿಯಾರೆ ಕೇಳಿದ್ದ. ಮೊಸಳೆಗೆ ಹೇಳಿದ ಮಾತದು ಎಂದು ಯಾರು ತಾನೇ ಊಹಿಸಿಯಾರು?

ಶನಿವಾರ ಬೆಳಿಗ್ಗೆ ಇಸ್ತ್ರಿಯ ಬಟ್ಟೆ ತೊಟ್ಟ ಗಂಭೀರ ಹೆಂಗಸೊಬ್ಬಳು ಬೇಕರಿಯ ಮುಂದೆ ನಿಂತು, ನಲ್ಲಿಮಾವ ಕುಡಿಯುತ್ತಾರೆಯೇ, ಸಿಟ್ಟು ಹೇಗೆ, ಮನೆಯಲ್ಲಿ ಯಾರಿದ್ದಾರೆ, ಮಕ್ಕಳೆಂದರೆ ಇಷ್ಟವೇ ಎಂದು ಕೇಳಿದಾಗ ಬೇಕರಿಯವನಿಗೆ ಲೋಕವೆಲ್ಲ ನಿಚ್ಚಳವಾಯಿತು. ಮದುವೆ. ಮದುವೆಯಾದರೆ ಮಾವ ಈ ಗೂಡು ಬಿಟ್ಟು ಹೆಂಡತಿಯ ಮನೆ ಸೇರುತ್ತಾನೆ. ಆಮೇಲೆ ಬೇಕರಿಯ ಮೋರಿ ಕಟ್ಟಿಕೊಂಡರೆ ಗತಿ? ಬೇಕರಿಯವನಿಗೆ ನಲ್ಲಿಮಾವನ ಮೇಲೆ ಪ್ರಾಣ. ಆ ಪ್ರೀತಿಯೇ ಅವನ ಬಾಯಲ್ಲಿ ಸುಳ್ಳಾಗಿ ಹೊರಬಂತು.

“ಕುಡಿಯೋದಾ? ನಮ್ಮ ಅಂಗಡಿ ಮೋರಿಯಲ್ಲೇ ಅಂಗಾತ ಬಿದ್ದಿರ್ತಾರೆ ಅಮ್ಮಾ. ನನ್ನ ಕಣ್ಣಾರೆ ನೋಡಿದೀನಿ.”

ಮೋರಿಯಲ್ಲಿ ಅಂಗಾತ ಮಲಗಿದ್ದು ನಿಜ. ಅದನ್ನು ರಿಪೇರಿ ಮಾಡಲು.

ಟೈಲರಮ್ಮನೂ ಅಡುಗೆಮನೆಯ ನಲ್ಲಿಯನ್ನೊಮ್ಮೆ ನೆನೆದು, ಆ ಮನುಷ್ಯ ಕಬ್ಬಿಣ ಕಂಡಲ್ಲಿ ಬಡಿಯುತ್ತಾನೆ, ಯಾರೂ ಇಲ್ಲದ ಕಡೆ ತಿರುಗಿ ಬೈಯುತ್ತಾನೆ ಎಂದು ನಿಟ್ಟುಸಿರಿಟ್ಟಳು. ಅದೂ ನಿಜ, ತುಕ್ಕು ಹಿಡಿದ ನಟ್ಟುಗಳನ್ನು ಬೈಯದೆ ಬಿಚ್ಚಿದ ಪ್ಲಂಬರ್ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.

ಆದರೆ ಪೋಸ್ಟ್‌ಮಾಸ್ಟರ್ ಮುಂದೆ ಇವರಿಬ್ಬರೂ ಬಚ್ಚಾಗಳು. ಜೀವಮಾನವಿಡೀ ಬೇರೆಯವರ ಕಾಗದ ಹಂಚಿಸಿದವನಿಗೆ ಸ್ವಂತದ್ದು ಹೇಳಲು ಸಿಕ್ಕ ಮೊದಲ ಅವಕಾಶ. ಪರಿಶೀಲನೆಯಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಚಹಾ ಕೊಟ್ಟು, ನಲ್ಲಿಮಾವ ಕಬ್ಬಿಣದ ಸಲಾಕೆ ಹಿಡಿದು ಹಿತ್ತಲ ಬಾಗಿಲಿನಿಂದ ಮನೆಗಳಿಗೆ ನುಗ್ಗುತ್ತಾನೆ ಎಂದು ಶುರುಮಾಡಿದ. ಒಂದು ದಿನ ಊರಿನ ನೀರನ್ನೆಲ್ಲ ಒಂದೇ ತಿರುವಿಗೆ ನಿಲ್ಲಿಸಿದನೆಂದ.

“ಆಮೇಲೆ?” ಎಂದಳು ಪರಿಶೀಲನೆಯಮ್ಮ.

ಆಮೇಲೆ ನೆಲದಡಿಯ ಕೊಳವೆಯಲ್ಲಿ ಇಳಿದುಹೋದ. ಅಲ್ಲಿ ಕತ್ತಲೆಯಲ್ಲಿ ಎರಡು ಕಣ್ಣು. ಪೋಸ್ಟ್‌ಮಾಸ್ಟರ್ ದನಿ ಇಳಿಸಿದ.

“ಆಮೇಲೆ?”

ಮೊಸಳೆ. ಅದನ್ನು ಬಾಲ ಹಿಡಿದು ಎಳೆದು ತಂದು, ಇವತ್ತಿಗೂ ಬಚ್ಚಲಲ್ಲಿ ಸಾಕಿದ್ದಾನೆ. ಕತೆ ಮುಗಿಯುವಾಗ ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು, ಪರಿಶೀಲನೆಯಮ್ಮನ ಬಸ್ಸು ಹೋಗಿಬಿಟ್ಟಿತ್ತು. ಅವಳು ಬೆವರು ಒರೆಸಿಕೊಂಡು ಎದ್ದು, ಕುಡಿತ, ಸಿಟ್ಟು, ಅತಿಕ್ರಮ ಪ್ರವೇಶ ಎಂದು ಬರೆದುಕೊಂಡಳು. ಮೊಸಳೆಯನ್ನು ಮಾತ್ರ ಇಲಾಖೆಯವರು ನಂಬಲಾರರೆಂದು ಬಿಟ್ಟಳು.

ಮಧ್ಯಾಹ್ನ ನಲ್ಲಿಮಾವ ನೆಟ್ಟಗಿನ ಕಾಲರ್ ತೊಟ್ಟು, ಹಿಮಾಲಯವನ್ನೇ ಹತ್ತಿ ಬಂದವನ ಠೀವಿಯಲ್ಲಿ ಶಾಲೆಯ ಗೇಟಿಗೆ ಬಂದರೆ ಗೇಟು ತೆರೆಯಲಿಲ್ಲ. ಪರಿಶೀಲನೆಯಮ್ಮ ಸರಳುಗಳ ಆಚೆ ನಿಂತು, ವಿಚಾರಣೆಯಲ್ಲಿ ಒಳ್ಳೆಯ ಮಾತು ಬಂದಿಲ್ಲ, ದಯವಿಟ್ಟು ಹೋಗಿ ಎಂದಳು. ಯಾರು ಏನಂದರು ಎಂದು ಕೇಳಿದ್ದಕ್ಕೆ, ಹೇಳುವ ಹಾಗಿಲ್ಲ ಎಂದಳು. ಮೂರನೇ ತರಗತಿಯ ಕಿಟಕಿಯಲ್ಲಿ ಒಂದು ಪುಟ್ಟ ಮುಖ ಕಾಣಿಸಿತು. ಮೊಮ್ಮಗಳು ಕೈ ಬೀಸಿ, ತನ್ನ ಹಿಂದಿದ್ದವರಿಗೆಲ್ಲ ತಾತನನ್ನು ತೋರಿಸುತ್ತಿದ್ದಳು. ನಲ್ಲಿಮಾವನೂ ಕೈ ಬೀಸಿದ. ಆ ಕೈ ಅಷ್ಟು ಭಾರವಾಗಿದ್ದುದು ಅವನ ಜನ್ಮದಲ್ಲೇ ಇರಲಿಲ್ಲ, ಎರಡು ಮಣ ತೂಗುವ ವಾಲ್ವು ಎತ್ತಿದಾಗಲೂ.

ತಿರುಗಿ ಬೀದಿಗೆ ಬಂದವನ ಮುಖ ನೋಡಿ ಬೇಕರಿಯವನು ಬೆಂಚು ಒರೆಸಿ ಕೂರಿಸಿದ. ಟೈಲರಮ್ಮ ನೀರು ಕೊಟ್ಟಳು. ಪೋಸ್ಟ್‌ಮಾಸ್ಟರ್ ಬೆನ್ನು ಸವರಿ, “ಹೋಗ್ಲಿ ಬಿಡೋ. ಈ ವಯಸ್ಸಲ್ಲಿ ಮದುವೆ ಅಂದ್ರೆ ಇಳಿಜಾರಲ್ಲಿ ಬ್ರೇಕಿಲ್ಲದ ಸೈಕಲ್” ಎಂದ.

“ಯಾರ ಮದುವೆ?” ಎಂದ ನಲ್ಲಿಮಾವ.

ಒಂದೊಂದೇ ಮಾತು ಹೊರಬಿತ್ತು. ಮೊಮ್ಮಗಳ ವಿಷಯ ತಿಳಿದಾಗ ಬೇಕರಿಯವನು ಕೈಯಲ್ಲಿದ್ದ ಬನ್ನನ್ನು ನೊಣಗಳಿಗೇ ಬಿಟ್ಟುಕೊಟ್ಟ. ಮೊದಲು ಎದ್ದವಳು ಟೈಲರಮ್ಮ. ಕೊರಳಿಗೆ ನೇತುಬಿದ್ದ ಅಳತೆಯ ಟೇಪನ್ನೂ ತೆಗೆಯದೆ ಹೊರಟಳು. ಬೇಕರಿಯವನು ಒಲೆ ಆರಿಸಿದ. ಪೋಸ್ಟ್‌ಮಾಸ್ಟರ್ ಕೊಡೆ ಹಿಡಿದ. ನಾಲ್ಕೇ ಜನ, ನೋಡಿದವರಿಗೆ ದಂಡು ಹೊರಟಂತೆ ಕಂಡಿತು.

“ಬೆಳಿಗ್ಗೆ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?” ಎಂದು ಪರಿಶೀಲನೆಯಮ್ಮ ಗೇಟಿನ ಆಚೆಯಿಂದಲೇ ಕೇಳಿದಳು.

ಬೇಕರಿಯವನು ಮೋರಿಯ ನಿಜವನ್ನು ಹೇಳಿದ. ಟೈಲರಮ್ಮ ನಟ್ಟಿನ ನಿಜವನ್ನು ಹೇಳಿದಳು. ಸಲಾಕೆ ಎಂದರೆ ಸ್ಪ್ಯಾನರ್, ನುಗ್ಗಿದ್ದು ತನ್ನ ಬಚ್ಚಲಿನ ಪೈಪ್ ಒಡೆದಾಗ ಎಂದು ಪೋಸ್ಟ್‌ಮಾಸ್ಟರ್ ಒಪ್ಪಿಕೊಂಡ. ಮೊಸಳೆಯ ಬಗ್ಗೆ ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಹಾಗಾದರೆ ಇಷ್ಟು ಒಳ್ಳೆಯವನ ಮೇಲೆ ಇಷ್ಟು ಕೆಟ್ಟದಾಗಿ ಯಾಕೆ ಹೇಳಿದಿರಿ ಎಂದು ಅವಳು ಕೇಳಿದ್ದಕ್ಕೆ ಟೈಲರಮ್ಮ ಕಣ್ಣೊರೆಸಿಕೊಂಡಳು.

“ಇವರು ಹೊರಟುಹೋದ್ರೆ ನಮಗ್ಯಾರಮ್ಮಾ ದಿಕ್ಕು? ಕರೆದಾಗ ಬರ್ತಾರೆ. ಎಂಥಾ ನಲ್ಲಿ ಆದ್ರೂ ಸರಿಮಾಡ್ತಾರೆ. ಒಂದು ಕಾಸು ಕೇಳಲ್ಲ.”

ಪರಿಶೀಲನೆಯಮ್ಮನ ಪೆನ್ನು ನಿಂತಿತು. “ಕಾಸು ಕೇಳಲ್ವಾ?” ಎಂದಳು ಮೆಲ್ಲಗೆ. ಕಚೇರಿಯ ಕಿಟಕಿಯಿಂದ ಹೆಡ್‌ಮಾಸ್ಟರರ ತಲೆ, ಚಿಪ್ಪಿನಿಂದ ಆಮೆ ಕತ್ತು ಚಾಚಿದಂತೆ, ಹೊರಬಂತು.

ಗೇಟು ತೆರೆಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮೊಹರು ಬಿತ್ತು. ಪರಿಶೀಲನೆಯಮ್ಮ ಮುಂದೆ, ನಲ್ಲಿಮಾವ ಹಿಂದೆ. ಎದೆಯಲ್ಲಿ ಮೊಸಳೆಯ ಕತೆ ಪುಟಿಯುತ್ತಿತ್ತು. ಒಂದನೇ ತರಗತಿ ದಾಟಿತು, ಎರಡನೆಯದು ದಾಟಿತು, ಮೂರನೆಯದೂ ದಾಟಿಹೋಯಿತು. ಅವಳು ನಿಂತಿದ್ದು ಹಿತ್ತಲಿನ ಕೈತೊಳೆಯುವ ತೊಟ್ಟಿಯ ಮುಂದೆ. ಅಲ್ಲಿದ್ದ ನಲ್ಲಿಗಳಲ್ಲಿ ಅರ್ಧ ಅಳುತ್ತಿದ್ದವು, ಅರ್ಧ ಸತ್ತಿದ್ದವು.

“ಐದೇ ನಿಮಿಷ ನೋಡಿಬಿಡಿ. ಮಕ್ಕಳು ಕುಡಿಯೋಕೆ ನೀರಿಲ್ಲದೆ ಒದ್ದಾಡ್ತಿವೆ.”

ಮಕ್ಕಳು ಎಂದಮೇಲೆ ಇಲ್ಲ ಅನ್ನುವುದು ಹೇಗೆ? ನಲ್ಲಿಮಾವ ಹೊಸ ಅಂಗಿಯಲ್ಲೇ ತೊಟ್ಟಿಯ ಕೆಳಗೆ ಅಂಗಾತ ಮಲಗಿದ. ಒಂದು ನಟ್ಟು ಬಿಚ್ಚಿದರೆ ಪಕ್ಕದ್ದು ಕಳಚಿತು, ಅದನ್ನು ಹಿಡಿದರೆ ಮೂಲದ ಕೊಳವೆಯೇ ಬಿರುಕು ಬಿಟ್ಟಿತು. ಅಂಗೈಯಲ್ಲಿ ಅದನ್ನು ಒತ್ತಿಹಿಡಿದು, ಹೆಡ್‌ಮಾಸ್ಟರರು ಹುಡುಕಿಕೊಟ್ಟ ಸ್ಪ್ಯಾನರನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾಗ ಕತೆಯ ಅವಧಿಯ ಗಂಟೆ ಬಾರಿಸಿತು. ಕೈ ಬಿಟ್ಟರೆ ಶಾಲೆ ತೇಲಿ ಸಮುದ್ರ ಸೇರುತ್ತಿತ್ತು, ಸಂಶಯವೇ ಬೇಡ.

ಪರಿಶೀಲನೆಯಮ್ಮ ಬಗ್ಗಿ ಕೂತಳು. “ಮಕ್ಕಳು ಕಾಯ್ತಿದಾರೆ. ನಿಮ್ಮ ಪೋಸ್ಟ್‌ಮಾಸ್ಟರ್ ಚೆನ್ನಾಗಿ ಹೇಳ್ತಾರೆ, ನಾನೇ ಕೇಳಿದೀನಿ. ಇವತ್ತೊಂದಿನಕ್ಕೆ ಉಳಿದ ಪರಿಶೀಲನೆ ಬಿಡ್ತೀನಿ, ಆದ್ರೆ ಅವರ ಬಗ್ಗೆ ನೆರೆಯವರೊಬ್ಬರ ಮಾತು ಬೇಕೇ ಬೇಕು. ಮನುಷ್ಯ ಹೇಗೆ?”

ಎಂಥ ಗಳಿಗೆ. ಒಂದು ‘ಉಹೂಂ’ ಸಾಕಿತ್ತು, ಬೆಳಗಿನ ಲೆಕ್ಕವೆಲ್ಲ ಬಡ್ಡಿಸಮೇತ ತೀರುತ್ತಿತ್ತು. ಆದರೆ ಕತೆಗಾಗಿ ಬಾಗಿಲು ನೋಡುತ್ತ ಕೂತ ಆ ಪುಟ್ಟ ಮುಖ ಕಣ್ಣಿಗೆ ಕಟ್ಟಿತು. ನಲ್ಲಿಮಾವ ಸ್ಪ್ಯಾನರ್ ಕಚ್ಚಿಕೊಂಡೇ “ಹೂಂ” ಅಂದ.

ಸ್ವಲ್ಪ ಹೊತ್ತಿಗೆ ಮೂರನೇ ತರಗತಿಯಿಂದ ಎದ್ದ ಕೂಗಿಗೆ ಹೆಂಚಿನ ಮೇಲಿನ ಪಾರಿವಾಳಗಳು ಪಕ್ಕದ ಊರಿಗೆ ವಲಸೆ ಹೋದವು. ನಲ್ಲಿಮಾವ ಕೊಳವೆಗೆ ಕೊನೆಯ ಸುತ್ತು ಬಿಗಿಯುವಾಗ ಪಾದಗಳ ಸಪ್ಪಳ ಬಂತು. ಇಡೀ ತರಗತಿ ಸಾಲಾಗಿ ನಿಂತಿತ್ತು, ಮುಂದೆ ಮೊಮ್ಮಗಳು. ಬೆಂಕಿ ಗಾಡಿಯವನ ಅಣ್ಣನ ಮಗಳು ಎಲ್ಲರಿಗಿಂತ ಹಿಂದೆ ಇದ್ದಳು.

“ಇವರೇ ನಮ್ಮ ತಾತ” ಎಂದಳು ಮೊಮ್ಮಗಳು. ಆಮೇಲೆ ಬಗ್ಗಿ, ಎಲ್ಲರಿಗೂ ಕೇಳುವಂಥ ಪಿಸುಮಾತಿನಲ್ಲಿ, “ತಾತ, ಮೊಸಳೆ ಇನ್ನೂ ನಿನ್ನ ಬಚ್ಚಲಲ್ಲಿದೆ ಅಂತ ಹೇಳು. ಹಿಂದಿರೋ ಆ ಹುಡುಗಿ ನಂಬ್ತಾ ಇಲ್ಲ.”

ನಲ್ಲಿಮಾವ ಒದ್ದೆ ಅಂಗಿ ನೋಡಿಕೊಂಡ. ಹೇಳಬೇಕಿದ್ದ ಕತೆಯಂತೂ ಕೈತಪ್ಪಿತ್ತು. ಉಳಿದಿದ್ದು ಇದೊಂದು ಸಾಲು. ರಬ್ಬರಿನದು ಎಂಬ ಮಾತನ್ನು ನುಂಗಿಕೊಂಡು ಗಂಭೀರವಾಗಿ ಹೇಳಿದ: “ಇದೆ. ಬೆಳಿಗ್ಗೆ ತಾನೇ ಮೈ ಉಜ್ಜಿ ಬಂದೆ.”

ತರಗತಿ ಉಸಿರು ಬಿಗಿಹಿಡಿಯಿತು. ಮೊಮ್ಮಗಳ ಎತ್ತರ ಅಲ್ಲೇ ಒಂದು ಗೇಣು ಬೆಳೆಯಿತು. ಅವಳ ಶಾಲೆ ಉಳಿಯಿತು.

ಮಕ್ಕಳ ಹಿಂದೆ ಪರಿಶೀಲನೆಯಮ್ಮನೂ ನಿಂತಿದ್ದಳು. ಇಲಾಖೆ ನಂಬಲಾರದೆಂದು ಬೆಳಿಗ್ಗೆ ಬಿಟ್ಟುಬಿಟ್ಟ ವಿಷಯವನ್ನು ಈಗ ಮನುಷ್ಯನೇ ಖುದ್ದಾಗಿ ಒಪ್ಪಿಕೊಂಡಿದ್ದ. ನಿಯಮ ನಿಯಮವೇ: ಅಪಾಯದ ಪ್ರಾಣಿ ಸಾಕಿದವರನ್ನು ಮಕ್ಕಳ ಬಳಿ ಬಿಡುವ ಮುನ್ನ ಮೊದಲಿನಿಂದ ಪರಿಶೀಲಿಸಬೇಕು. ಬೆರಳು, ಎದೆ, ನಾಲಿಗೆ, ಠಾಣೆ, ನೆರೆಹೊರೆ. ನಲ್ಲಿ ರಿಪೇರಿಗೆ ಮಾತ್ರ ತಡೆಯಿಲ್ಲ, ಸೋಮವಾರ ಬಂದು ಉಳಿದದ್ದು ಮುಗಿಸಬಹುದು ಎಂದು ಸೌಜನ್ಯದಿಂದ ಹೇಳಿದಳು.

ಆ ಸಂಜೆಯೇ ಅವಳು ಬೀದಿಗೆ ಬಂದಳು. ಬಚ್ಚಲಿಗೆ ಬಂದು ಕಣ್ಣಾರೆ ನೋಡಿಬಿಡಿ, ಬರೀ ರಬ್ಬರು ಎಂದು ನಲ್ಲಿಮಾವ ಬಾಗಿಲಲ್ಲೇ ಕೈ ಮುಗಿದ. ನೋಡುವುದು ಕೊನೆಗೆ, ವಿಚಾರಿಸುವುದು ಮೊದಲಿಗೆ ಎಂದು ಅವಳು ಅವನನ್ನು ದಾಟಿದಳು. ಬೇಕರಿಯವನು ಮಾವನ ಪರವಾಗಿ ಪ್ರಾಣ ಕೊಡಲು ಸಿದ್ಧನಾಗಿ ನಿಂತಿದ್ದ, ಅವನತ್ತ ನೋಡಲಿಲ್ಲ. ಟೈಲರಮ್ಮ ಕರೆದಳು, ಕೇಳಿಸಿಕೊಳ್ಳಲಿಲ್ಲ. ನೇರವಾಗಿ ಪೋಸ್ಟ್‌ಮಾಸ್ಟರನ ಮನೆ ಹೊಕ್ಕು, ಬೆಳಗಿನ ಕುರ್ಚಿಯಲ್ಲೇ ಕೂತು, ಪೆನ್ನನ್ನು ಪಕ್ಕಕ್ಕಿಟ್ಟು, ಎರಡೂ ಕೈಯಲ್ಲಿ ಚಹಾದ ಲೋಟ ಹಿಡಿದು ಮುಂದಕ್ಕೆ ಬಾಗಿದಳು.

“ಹೂಂ. ಆಮೇಲೆ?”