ಮೊಲದ ಮೈಗೆ ಹತ್ತದ ಸಜ್ಜಕ

ಮನೆಯಲ್ಲಿ ಯಾರಾದರೂ ದಪ್ಪಗಿದ್ದರೆ ಅದು ಅವರವರ ಹಣೆಬರಹ. ತೆಳ್ಳಗಿದ್ದರೆ ಅದು ಆ ಮನೆಯ ಸೊಸೆಯ ತಪ್ಪು. ಈ ನಿಯಮ ಮನುಷ್ಯರಿಗೆ ಮಾತ್ರ ಎಂದು ನಾನು ತಿಳಿದಿದ್ದೆ. ಬ್ಯಾಡಗಿಯ ನಮ್ಮ ಮನೆಗೆ ಮೊಲವೊಂದು ಬಂದ ಮೇಲೆ ಆ ಭ್ರಮೆ ಹೋಯಿತು. ಎಂಬತ್ತರ ದಶಕದ ಕೊನೆಯ ಮಾತಿದು. ಹಾವೇರಿಯಲ್ಲಿದ್ದ ನನ್ನ ನಾದಿನಿ, ಗಂಡನಿಗೆ ದೂರದ ಊರಿಗೆ ವರ್ಗವಾದಾಗ, ತಾನು ಸಾಕಿದ್ದ ಬಿಳಿ ಮೊಲವನ್ನು ನಮ್ಮಲ್ಲಿ ಬಿಟ್ಟುಹೋದಳು. ಬುಟ್ಟಿಯಿಂದ ಎತ್ತಿದರೆ ಕೈಗೆ ಸಿಕ್ಕಿದ್ದು ಬರೀ ತುಪ್ಪಳ ಮತ್ತು ಬೆನ್ನೆಲುಬು. ಅತ್ತೆ ಅದರ ಬೆನ್ನು ಸವರಿ ನೋಡಿದರು. ಆಮೇಲೆ ತಮ್ಮ ಮಗಳಿಗೆ ಏನೂ ಅನ್ನದೆ ನನ್ನ ಕಡೆ ತಿರುಗಿದರು.

"ಮೆಣಸಿನಕಾಯಿ ವ್ಯಾಪಾರ ಮಾಡೋ ಮನಿ ಇದು. ಎಲುಬು ಕಾಣೋ ಪ್ರಾಣಿ ನಮ್ಮ ಪಡಸಾಲ್ಯಾಗ ಓಡಾಡಿದ್ರ ಮಂದಿ ಏನಂತಾರವಾ?"

ಮೊಲದ ಪರಿಚಯ ನನಗೆ ಆಗಿ ಇನ್ನೂ ಒಂದು ಗಳಿಗೆಯೂ ಆಗಿರಲಿಲ್ಲ.

ನಮ್ಮ ಅತ್ತೆಯದು ದೊಡ್ಡ ಕೈ. ಮೊಲಕ್ಕೆ ಬೆಳಿಗ್ಗೆ ಹಾಲಿನಲ್ಲಿ ನೆನೆಸಿದ ಚಪಾತಿ, ಮಧ್ಯಾಹ್ನ ತುಪ್ಪದ ಅನ್ನ, ಸಂಜೆ ಗೋಧಿ ರವೆಗೆ ಬೆಲ್ಲ ಹಾಕಿದ ಸಜ್ಜಕ. ಮೊಲ ಸಂಕೋಚದ ಪ್ರಾಣಿ, ಬೇಡವೆನ್ನಲಿಲ್ಲ. ತಿಂದಿತು, ಹೊಟ್ಟೆ ಕೆಡಿಸಿಕೊಂಡಿತು, ಇನ್ನಷ್ಟು ಸೊರಗಿತು. ಸೊರಗಿತೆಂದು ಅತ್ತೆ ತುಪ್ಪ ಹೆಚ್ಚಿಸಿದರು. ತೂಕ ಎಷ್ಟು ಇಳಿದಿದೆಯೋ ನೋಡೋಣವೆಂದು ನಮ್ಮ ಯಜಮಾನರು ಅದನ್ನು ತಮ್ಮ ಅಂಗಡಿಗೆ ಒಯ್ದರು. ಅಲ್ಲಿದ್ದದ್ದು ಮೆಣಸಿನಕಾಯಿ ಚೀಲ ತೂಗುವ ತಕ್ಕಡಿ. ಮೊಲವನ್ನು ಕೂರಿಸಿದರೂ ತಕ್ಕಡಿ ಯಾರೂ ಕೂತಿಲ್ಲವೆಂಬಂತೆ ಸುಮ್ಮನಿತ್ತು; ಘಾಟಿಗೆ ಮೊಲ ಸೀನಿದಾಗ ಮಾತ್ರ ಸ್ವಲ್ಪ ಅಲ್ಲಾಡಿತು. ಮಾಲು ತಂದಿದ್ದ ರೈತರೊಬ್ಬರು, "ಇದನ್ನ ಹ್ಯಾಂಗ ಕಿಲೋ ಕೊಡ್ತೀರಿ ಸಾವಕಾರ್ರ?" ಎಂದು ಗಂಭೀರವಾಗಿಯೇ ಕೇಳಿದರಂತೆ. ಇವರು ಮೊಲವನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದರು.

ಅಂದು ಸಂಜೆ ಅದು ಮೂಲೆಯಲ್ಲಿ ಮುದುಡಿ ಕೂತಿತು. ಸಜ್ಜಕವನ್ನು ಮೂಸಿಯೂ ನೋಡಲಿಲ್ಲ. ಅಲ್ಲಿಯವರೆಗೆ ನನಗಿದ್ದದ್ದು ಮಂದಿಯ ಹೆದರಿಕೆ. ಆಗ ಮೊದಲ ಸಲ ಮೊಲ ಉಳಿಯುತ್ತದೋ ಇಲ್ಲವೋ ಎಂಬ ಹೆದರಿಕೆಯಾಯಿತು. ಮರುದಿನ ಬೆಳಿಗ್ಗೆಯೇ ನಾನೂ ಯಜಮಾನರೂ ಅದನ್ನೆತ್ತಿಕೊಂಡು ದನದ ದವಾಖಾನೆಗೆ ಹೋದೆವು. ಡಾಕ್ಟರು ಬಾಯಿ ಬಿಡಿಸಿ ಹಲ್ಲು ನೋಡಿ, ಹೊಟ್ಟೆ ಒತ್ತಿ, ಏನೇನು ಹಾಕುತ್ತೀರೆಂದು ಕೇಳಿದರು. ನಾನು ಹೇಳುತ್ತ ಹೋದೆ. ಸಜ್ಜಕಕ್ಕೆ ಬರುವಷ್ಟರಲ್ಲಿ ಕೈಯೆತ್ತಿ ನಿಲ್ಲಿಸಿದರು.

"ಅಕ್ಕಾರ, ಇದಕ್ಕ ದೊಡ್ಡ ರೋಗ ಏನೂ ಇಲ್ಲ, ಉಪಚಾರ ಜಾಸ್ತಿ ಆಗೈತಿ. ಹೊಟ್ಟಿಗೆ ಔಷಧ ಕೊಡ್ತೀನಿ. ಒಣಹುಲ್ಲು, ನೀರು, ಅಷ್ಟ ಇಡ್ರಿ. ಹಸೀದು ಆಮ್ಯಾಲ ಸ್ವಲ್ಪ ಸ್ವಲ್ಪ. ಮೈ ಸಾವಕಾಶ ತುಂಬತೈತಿ."

ಅತ್ತೆಗೆ ತಾನೇ ಹೇಳುತ್ತೇನೆಂದು ದಾರಿಯುದ್ದಕ್ಕೂ ಧೈರ್ಯ ಕೊಟ್ಟಿದ್ದ ಗಂಡನಿಗೆ ಮನೆಯ ಬಾಗಿಲಲ್ಲಿ ಅಂಗಡಿ ನೆನಪಾಯಿತು. ನಾನೇ ಹೇಳಿದೆ.

"ಹುಲ್ಲು ತಿಂದು ಮೈ ತುಂಬಿಸ್ಕೊಳ್ಳಾಕ ಅದೇನು ಎಮ್ಮೇನ?" ಎಂದರು ಅತ್ತೆ. "ನನ್ನ ಕೈಯಾಗ ಉಂಡು ಇವತ್ತಿನ ತನಕ ಯಾರೂ ಸೊರಗಿಲ್ಲ."

ಆಡು ಸಾಕಿದ್ದ ಪಕ್ಕದ ಮನೆಯ ರಹೀಮಾಬಿ ದಿನಾ ಒಂದು ಹಿಡಿ ಒಣಹುಲ್ಲು ಕೊಡುತ್ತಿದ್ದರು. ನಾನು ಬೆಳಿಗ್ಗೆ ಹುಲ್ಲು ಇಡುತ್ತಿದ್ದೆ. ಸಂಜೆ ನೋಡಿದರೆ ಮೊಲದ ಮೀಸೆಗೆ ರವೆ ಅಂಟಿರುತ್ತಿತ್ತು. ಅತ್ತೆಯನ್ನು ಕೇಳುವ ಧೈರ್ಯ ನನಗಿರಲಿಲ್ಲ. ಮೀಸೆ ಒರೆಸಿಬಿಡುತ್ತಿದ್ದೆ.

ಅಷ್ಟರಲ್ಲಿ ರಾಣೆಬೆನ್ನೂರಿನಲ್ಲಿದ್ದ ಅತ್ತೆಯ ತಂಗಿಗೆ ಕಣ್ಣಿನ ಆಪರೇಷನ್ ಆಯಿತು. ಅತ್ತೆ ಆರೈಕೆಗೆ ಹೊರಟರು. ಬಸ್ಸು ಹತ್ತುವಾಗ, "ದಿನಾ ಸಂಜಿಕೆ ಸಜ್ಜಕ ಮಾಡು, ಮರೀಬ್ಯಾಡ" ಎಂದರು. "ಆತ್ರಿ ಅತ್ತಿ" ಎಂದೆ. ಕೊಟ್ಟ ಮಾತಿನಂತೆ ದಿನಾ ಮಾಡಿದೆ. ಯಾರು ತಿನ್ನಬೇಕೆಂದು ಅವರು ಬಿಡಿಸಿ ಹೇಳಿರಲಿಲ್ಲ. ಯಜಮಾನರು ತಿಂದರು. ಮೊಲ ಹುಲ್ಲು ತಿಂದಿತು.

ತಿಂಗಳೊಪ್ಪತ್ತಿನ ಮೇಲೆ ಅತ್ತೆ ಮರಳಿ ಬಂದಾಗ ಇಬ್ಬರ ಮೈಯೂ ತುಂಬಿತ್ತು. ಡಾಕ್ಟರ ಮಾತನ್ನು ಈ ಸಲ ಸರಿಯಾಗಿ ತಿಳಿಸಿ ಹೇಳಬೇಕೆಂದು ನಾನು ಹಿಂದಿನ ದಿನದಿಂದಲೇ ಭಾಷಣ ಸಿದ್ಧಮಾಡಿಕೊಂಡಿದ್ದೆ. ಅತ್ತೆ ಚೀಲವನ್ನೂ ಕೆಳಗಿಡದೆ ನೆಟ್ಟಗೆ ಹಿತ್ತಲಿಗೆ ಹೋದರು. ಮೊಲವನ್ನು ಮಡಿಲಿಗೆ ಹಾಕಿಕೊಂಡು ಬೆನ್ನು ಸವರಿದರು. ಎಲುಬು ಸಿಗಲಿಲ್ಲ. ಮತ್ತೊಮ್ಮೆ ಸವರಿದರು.

"ಅಲ್ಲಿ ನನಗ ನಿದ್ದಿ ಹತ್ತಿಲ್ಲ ನೋಡು. ಇದು ಉಳೀತೈತೋ ಇಲ್ಲೋ ಅಂತ ಒಂದ ಚಿಂತಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, "ನಾ ಹೇಳಿದ್ದಿಲ್ಲೇನು? ಸಜ್ಜಕ ಮೈಗೆ ಹತ್ತಾಕ ಸ್ವಲ್ಪ ಟೈಮ್ ಬೇಕು."

ಭಾಷಣ ಗಂಟಲಿನವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು, "ಹೌದ್ರಿ ಅತ್ತಿ" ಎಂದೆ.

ಅತ್ತೆಗೆ ಸಮಾಧಾನವಾಯಿತು. ಮೊಲವನ್ನು ಕೆಳಗೆ ಬಿಟ್ಟು, ಬಹಳ ದಿನಗಳ ಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇನ್ನ ನೀ ಒಬ್ಬಾಕಿ ಉಳದಿ. ಕೊರಳಾಗಿನ ಎಲುಬು ನೋಡು ಹ್ಯಾಂಗ ಕಾಣಾಕತ್ತಾವು. ಕುಂದ್ರು" ಎಂದು ಒಲೆಯ ಕಡೆ ನಡೆದರು.

ನನ್ನ ವಿಷಯದಲ್ಲಿ ಡಾಕ್ಟರು ಏನೂ ಹೇಳಿರಲಿಲ್ಲ. ಬಟ್ಟಲು ಮುಂದಿಟ್ಟುಕೊಂಡು ಕುಳಿತೆ.