ಸಾವ್ಕಾರ್ರ ಪಿಕಪ್ಪಿನ ಡೀಸೆಲ್ ಕಳ್ಳ

ತಿಪಟೂರಿನಲ್ಲಿ ಗಾಡಿ ರಿಪೇರಿ ಶೆಡ್ಡು ಇಟ್ಟುಕೊಂಡವನಿಗೆ ತಲೆ ಕೆಡುವುದು ಹೊಸದಲ್ಲ. ವಾರಕ್ಕೊಂದಾದರೂ ಗಾಡಿ ಬಂದು ನನ್ನ ಬುದ್ಧಿಯನ್ನೇ ಬಿಚ್ಚಿ ಹರಡಿ ಹೋಗುತ್ತದೆ. ಆದರೆ ದಂಡಿನಶಿವರದ ಕಡೆಯ ಕೊಬ್ಬರಿ ಸಾವ್ಕಾರ್ರ ಹಳೇ ಪಿಕಪ್ಪು ಕೊಟ್ಟಷ್ಟು ಗೊಂದಲವನ್ನು ಬೇರೆ ಯಾವುದೂ ಕೊಟ್ಟಿಲ್ಲ.

ಆ ಗಾಡಿಗೆ ಎರಡು ಡೀಸೆಲ್ ಟ್ಯಾಂಕು. ಸೀಟಿನ ಕೆಳಗೆ ಒಂದು ತಿರುಪು, ಅತ್ತ ತಿರುಗಿಸಿದರೆ ಮುಂದಿನ ಟ್ಯಾಂಕು, ಇತ್ತ ತಿರುಗಿಸಿದರೆ ಹಿಂದಿನ ದೊಡ್ಡ ಟ್ಯಾಂಕು. ತಿರುಪು ಮುಂದಿನದಕ್ಕೇ ಕಚ್ಚಿಕೊಂಡು ಎರಡು ವರ್ಷವಾಗಿತ್ತು. ಹಿಂದಿನ ಟ್ಯಾಂಕು ಒಣಗಿ ಖಾಲಿ ಬಿದ್ದಿದೆ ಎಂದು ಎಲ್ಲರೂ ಅದನ್ನು ಮರೆತಿದ್ದೆವು. ಅದರ ಮುಚ್ಚಳವನ್ನು ತೆಗೆದು ನೋಡಿದವರೇ ಇಲ್ಲ.

೧. ಕಡ್ಡಿ ಲೆಕ್ಕ

ಒಂದು ದಿನ ಸಾವ್ಕಾರ್ರು ಬಂದು, ಹಾಕಿಸಿದ ಡೀಸೆಲ್ ಅರ್ಧಕ್ಕರ್ಧ ಮಾಯವಾಗುತ್ತಿದೆ, ಡ್ರೈವರ್ ಕದಿಯುತ್ತಿದ್ದಾನೆ ಎಂದರು. ಡ್ರೈವರು ಅವರ ಹತ್ತಿರ ಹದಿನೆಂಟು ವರ್ಷದಿಂದ ಇದ್ದವನು. ನನಗೆ ನಂಬಿಕೆ ಬರಲಿಲ್ಲ. ಗಾಡಿಯ ಕೆಳಗೆ ಇಡೀ ದಿನ ನ್ಯೂಸ್ ಪೇಪರ್ ಹಾಸಿಟ್ಟೆ, ಒಂದು ಹನಿಯೂ ಸೋರಿರಲಿಲ್ಲ. ಮೀಟರಿನ ಮುಳ್ಳು ಸುಳ್ಳು ಹೇಳುತ್ತಿರಬಹುದೆಂದು ಅದನ್ನೂ ಬದಲಾಯಿಸಿದೆ. ಹೊಸ ಮುಳ್ಳು ಹಳೆಯದಕ್ಕಿಂತ ಬೇಗ ಕೆಳಗಿಳಿಯಿತು.

ಪಾಪ, ಡ್ರೈವರು ಹೊರಡುವ ಮುಂಚೆ ತೆಂಗಿನ ಗರಿಯ ಕಡ್ಡಿಯನ್ನು ಟ್ಯಾಂಕಿಗೆ ಅದ್ದಿ, ಎಷ್ಟಿದೆ ನೋಡಿ ಎಂದು ತೋರಿಸತೊಡಗಿದ. ಕಡ್ಡಿ ನಿನ್ನದು, ನಾನು ನಂಬಲ್ಲ ಎಂದ ಸಾವ್ಕಾರ್ರು ತಮ್ಮ ಮನೆಯ ಪೊರಕೆಯಿಂದಲೇ ಕಡ್ಡಿ ಎಳೆದು ತಂದರು. ಹೋಗುವಾಗ ಒಂದು, ಬರುವಾಗ ಒಂದು. ಡೀಸೆಲ್ ನಾತದ ಕಡ್ಡಿ ಮತ್ತೆ ಪೊರಕೆಗೆ ಸೇರುವಂತಿರಲಿಲ್ಲ.

ಎರಡು ವಾರ ಕಳೆದ ಮೇಲೆ ಸಾವ್ಕಾರ್ರ ಹೆಂಡತಿ ನನಗೇ ಫೋನ್ ಮಾಡಿದರು. "ಮೇಸ್ತ್ರಿ, ಟ್ಯಾಂಕು ಖಾಲಿಯಾಗೋದು ಹಂಗಿರ್ಲಿ ಕಣಪ್ಪ. ನನ್ ಪೊರಕೆ ಖಾಲಿಯಾಗ್ತಾ ಐತೆ, ಮೊದ್ಲು ಅದ್ನ ರಿಪೇರಿ ಮಾಡು."

೨. ಉಡಿದಾರದ ಬೀಗ

ಆಮೇಲೆ ಮುಂದಿನ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಬಿತ್ತು. ಕೀ ಸಾವ್ಕಾರ್ರ ಉಡಿದಾರಕ್ಕೆ ಸೇರಿತು, ಬಿಚ್ಚಲು ಬಾರದ ಹಾಗೆ ಗಂಟು ಹಾಕಿಸಿಕೊಂಡರು. ಆ ಬೀಗವೋ, ಗಾಡಿಗೇ ಸರಪಳಿ ಹಾಕಿ ಕಟ್ಟಿದ್ದು, ತೆಗೆದ ಮೇಲೆ ಮತ್ತೆ ಹಾಕುವ ತನಕ ಕೀ ಬಿಡುವುದಿಲ್ಲ. ಬಂಕಿನಲ್ಲಿ ಪಂಚೆ ಸ್ವಲ್ಪ ಸರಿಸಿ, ಗಾಡಿಗೆ ಒರಗಿ ಬೀಗ ತೆಗೆದರು. ಅಲ್ಲಿಗೆ ಅವರೂ ಬೀಗವೂ ಒಂದೇ ದಾರದಲ್ಲಿ. ಡೀಸೆಲ್ ತುಂಬುವವರೆಗೂ ಸೊಂಟ ಬಗ್ಗಿಸಿಕೊಂಡು ಟ್ಯಾಂಕಿನ ಪಕ್ಕದಲ್ಲೇ ನಿಂತಿರಬೇಕಾಯಿತು.

ಬಂಕಿನವನು ಎರಡು ಸಲ ನೋಡಿ, ಕೊನೆಗೆ ತಡೆಯಲಾಗದೆ ಡ್ರೈವರನ್ನು ಕೇಳಿದನಂತೆ, "ಅಣ್ಣಾ, ಗಾಡೀನ ಇವ್ರಿಗೆ ಕಟ್ಟಿದ್ದೀರೋ, ಇವ್ರನ್ನ ಗಾಡಿಗೋ?"

ಅಂದಿನಿಂದ ಸಾವ್ಕಾರ್ರು ದಿನಾ ಡ್ರೈವರನ ಪಕ್ಕದಲ್ಲೇ ಕೂತು, ದಾರೀಲಿ ಎಲ್ಲೂ ನಿಲ್ಲಿಸ್ಬೇಡ, ನಾನು ನೋಡ್ತಿರ್ತೀನಿ ಎನ್ನತೊಡಗಿದರು. ಇಷ್ಟಾದರೂ ಡೀಸೆಲ್ ಮಾಯವಾಗುವುದು ನಿಲ್ಲಲಿಲ್ಲ.

೩. ಗಿಟುಕು ಪರೀಕ್ಷೆ

ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟು ಗಿಟುಕಾಗಿದೆಯೋ ಇಲ್ಲವೋ ಹೇಳುವುದರಲ್ಲಿ ಸಾವ್ಕಾರ್ರನ್ನು ಮೀರಿಸಿದವರಿಲ್ಲ. ಗಾಡಿಯೂ ಅದೇ ಪರೀಕ್ಷೆಗೆ ಒಳಗಾಯಿತು. ನಾಲ್ಕು ಜನ ಹಮಾಲರನ್ನು ಕರೆತಂದು, ನನ್ನ ಶೆಡ್ಡಿನ ಮುಂದೆ ಪಿಕಪ್ಪನ್ನು ಅಲ್ಲಾಡಿಸಿ ಎಂದರು. ತಾವು ಗಾಡಿಯ ಮೈಗೆ ಕಿವಿ ಕೊಟ್ಟು ಕಣ್ಣು ಮುಚ್ಚಿದರು.

ಮುಳ್ಳು ಖಾಲಿ ಎನ್ನುತ್ತಿತ್ತು. ಕಡ್ಡಿ ಒಣಗಿ ಬಂದಿತ್ತು. ಆದರೂ ಒಳಗೆ ಗುಳುಗುಳು ಸದ್ದು. ನಾನೂ ಕಿವಿಯಿಟ್ಟು ಕೇಳಿದೆ, ಸದ್ದು ನಿಜ. ನನ್ನ ಕಸುಬಿನ ಮೇಲೆ ನನಗೇ ಅನುಮಾನ ಬಂತು. ಏನಾದರೂ ಹೇಳಲೇಬೇಕಲ್ಲ, ಟ್ಯಾಂಕಿನೊಳಗೆ ಗಾಳಿ ಸೇರಿಕೊಂಡಿರಬೇಕು ಎಂದೆ.

ಸಾವ್ಕಾರ್ರು ಕಣ್ಣು ಬಿಟ್ಟು ನನ್ನನ್ನೇ ನೋಡಿದರು. "ಗಾಳಿ ಗುಳುಗುಳು ಅನ್ನೋದು ಹೊಟ್ಟೇಲಿ ಕಣಯ್ಯ. ಟ್ಯಾಂಕಿಗೆ ಅಜೀರ್ಣ ಆಗಿದ್ದು ಇದೇ ಮೊದ್ಲು."

೪. ಕಾವಲು

ಮಾರನೆಯ ದಿನ ಡ್ರೈವರು ನಡೆದುಕೊಂಡು ಶೆಡ್ಡಿಗೆ ಬಂದ. ಸಾವ್ಕಾರ್ರು ನಾಳೆಯಿಂದ ಬರಬೇಡ ಎಂದುಬಿಟ್ಟಿದ್ದರಂತೆ. ಹಳೇ ಟೈರಿನ ಮೇಲೆ ಕೂತ.

"ಕೆಲ್ಸ ಹೋದ್ರೆ ಹೋಗ್ಲಿ ಬುಡಣ್ಣ," ಎಂದ. "ಕಳ್ಳ ಅನ್ನಿಸ್ಕೊಂಡು ಊರಲ್ಲಿ ಹೆಂಗ್ ತಿರುಗ್ಲಿ?"

ಅವನಿಗೊಂದು ಟೀ ಹೇಳಿದೆ. ಟೀ ಬರುವಷ್ಟರಲ್ಲಿ ಸಾವ್ಕಾರ್ರ ಫೋನು. ಬೆಳಗ್ಗೆ ತಾವೇ ಡೀಸೆಲ್ ಹಾಕಿಸಿ, ತಾವೊಬ್ಬರೇ ಊರೂರು ಸುತ್ತಿ ಕೊಬ್ಬರಿ ತುಂಬಿಕೊಂಡು ತಿಪಟೂರಿಗೆ ಹೊರಟಿದ್ದರು. ಗಾಡಿ ನಡುದಾರಿಯಲ್ಲಿ ನಿಂತಿತ್ತು. ಮುಳ್ಳು ಖಾಲಿ.

ಡ್ರೈವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಸಾವ್ಕಾರ್ರು ಗಾಡಿಯ ಸುತ್ತ ತಿರುಗುತ್ತಿದ್ದರು. ಹಿಂದಿನ ಟ್ಯಾಂಕಿನ ಮುಚ್ಚಳದ ಸಂದಿಯಿಂದ ಏನೋ ತೊಟ್ಟಿಕ್ಕುತ್ತಿತ್ತು. ಡ್ರೈವರು ಮುಚ್ಚಳ ತಿರುಗಿಸಿದ. ಒಳಗೆ ಗಂಟಲುಮಟ್ಟ ಡೀಸೆಲ್.

ನನಗೆ ಆಗ ಹೊಳೆಯಿತು. ಎಂಜಿನ್ನು ಕುಡಿದು ಮಿಕ್ಕ ಡೀಸೆಲನ್ನು ವಾಪಸ್ ಟ್ಯಾಂಕಿಗೆ ಒಯ್ಯುವ ಪೈಪೊಂದಿರುತ್ತದೆ. ಈ ಗಲಾಟೆ ಶುರುವಾಗುವ ಮುಂಚೆ ಅದನ್ನು ಇಲಿ ಕಡಿದಾಗ ಹೊಸದು ಹಾಕಿದವನು ನಾನೇ. ಮುಂದಿನ ಟ್ಯಾಂಕಿಗೆ ಸೇರಿಸಬೇಕಾದ್ದನ್ನು ಹಿಂದಿನದಕ್ಕೆ ಸೇರಿಸಿದ್ದೆ. ಗಾಡಿ ಅಷ್ಟು ದಿನವೂ ಮುಂದಿನದರಿಂದ ಎಳೆದು ಹಿಂದಿನದಕ್ಕೆ ತುಂಬುತ್ತಲೇ ಇತ್ತು. ನಾಚಿಕೆಯಿಂದ ನೆಲ ನೋಡುತ್ತಾ ತಪ್ಪು ನನ್ನದೇ ಎಂದು ಒಪ್ಪಿಕೊಂಡೆ.

ಸಾವ್ಕಾರ್ರು ನನ್ನನ್ನು ಬೈಯಲೂ ಇಲ್ಲ. ಡ್ರೈವರನ ಕೈ ಹಿಡಿದು, "ತಪ್ಪಾಯ್ತು ಕಣಪ್ಪ," ಎಂದರು. ನಾನು ಪೈಪನ್ನು ಸರಿಯಾದ ಜಾಗಕ್ಕೆ ಸೇರಿಸಿ, ಹಿಂದಿನ ಟ್ಯಾಂಕಿನ ಡೀಸೆಲನ್ನು ಮುಂದಿನದಕ್ಕೆ ಸುರಿದೆ. ಗಾಡಿ ಸ್ಟಾರ್ಟ್ ಆಯಿತು.

ಹತ್ತು, ಹೋಗೋಣ ಎಂದು ಸಾವ್ಕಾರ್ರು ಸ್ಟೇರಿಂಗಿನ ಕಡೆ ಬಾಗಿಲು ತೆಗೆದು ನಿಂತರು. ಡ್ರೈವರು ಗಾಡಿಯನ್ನು ಒಂದು ಸುತ್ತು ಬಳಸಿ ಬಂದು, ಆ ಕಡೆಯ ಬಾಗಿಲಿನಿಂದ ಹತ್ತಿ ಸಾವ್ಕಾರ್ರ ಜಾಗದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ.

"ಇವತ್ತು ನೀವೇ ಓಡ್ಸಿ ಸಾವ್ಕಾರ್ರೇ," ಎಂದ. "ದಾರೀಲಿ ಎಲ್ಲೂ ನಿಲ್ಲಿಸ್ಬೇಡಿ. ನಾನ್ ನೋಡ್ತಿರ್ತೀನಿ."